ಚಳಿಗಾಲದ ನೀರು, ಸ್ಕೂಬಾ ಪಾಠ, ನಮ್ಮೂರ ಬಾವಿ

ತಾಲ್ಲೂಕು ಸುದ್ದಿ ಬರೆಯುವ ನಮ್ಮಂಥವರ ಹತ್ತಿರ ಕೆಲವು ಶೀರ್ಷಿಕೆಗಳು ರೆಡಿ ಇರುತ್ತವೆ. ಅದರಲ್ಲಿ ಒಂದು ‘ಈಜಲು ಹೋದ ಯುವಕ ನೀರುಪಾಲು’. ಹೆಸರು, ವಯಸ್ಸು, ಊರು ಬದಲಾಗುತ್ತದೆ. ‘ಅಗ್ನಿಶಾಮಕ ಸಿಬ್ಬಂದಿ ಶವ ಹೊರತೆಗೆದರು, ಪ್ರಕರಣ ದಾಖಲಾಗಿದೆ’ ಅನ್ನುವ ಕೊನೆಯ ಸಾಲು ಬದಲಾಗಲ್ಲ. ಮೇಕೆದಾಟು, ಸಂಗಮ, ಚುಂಚಿ ಜಲಪಾತ, ಯಾವುದೋ ಕ್ವಾರಿ, ಯಾರದೋ ಕೃಷಿ ಹೊಂಡ. ವರ್ಷಗಳಿಂದ ಬರೆಯುತ್ತಿದ್ದೇವೆ. ನೀರುಪಾಲು ಅನ್ನುವ ಪದವೇ ಈಗೀಗ ನಮಗೆ ಸರಿ ಕಾಣಲ್ಲ. ಪಾಲು ಅಂದರೆ ಯಾರೋ ಹಂಚಿಕೊಟ್ಟ ಹಾಗೆ, ನೀರಿಗೆ ಅದರ ಹಕ್ಕು ಸಿಕ್ಕಿದ ಹಾಗೆ.

ನಾವು ಅಂದರೆ ಮರಳವಾಡಿ ಸುತ್ತಮುತ್ತಲಿನ ಮೂವರು. ಡಿಪ್ಲೊಮಾ ಒಟ್ಟಿಗೆ ಮಾಡಿದವರು, ಈಗ ಬೇರೆ ಬೇರೆ ಪತ್ರಿಕೆಗೆ ಸುದ್ದಿ ಕಳಿಸುವವರು. ಜಿಲ್ಲೆಗೆ ಈಗ ಬೆಂಗಳೂರು ದಕ್ಷಿಣ ಅಂತ ಹೆಸರಾಗಿದೆ, ನಮ್ಮ ಬಾಯಲ್ಲಿ ಇನ್ನೂ ರಾಮನಗರವೇ. ಸುದ್ದಿಗೆ ಹೋದಲ್ಲೆಲ್ಲ ಒಂದೇ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು: ‘ಹುಡುಗನಿಗೆ ಈಜು ಬರ್ತಿತ್ತಾ?’ ಉತ್ತರ ಹೆಚ್ಚಿನ ಸಲ ‘ಇಲ್ಲ ಸಾರ್.’

ನಮ್ಮಪ್ಪಂದಿರ ಕಾಲದಲ್ಲಿ ಈ ಉತ್ತರ ಇಷ್ಟು ಸಾಮಾನ್ಯ ಇರಲಿಲ್ಲ. ತೋಟಕ್ಕೊಂದು ತೆರೆದ ಬಾವಿ, ಬಾವಿಗೆ ಕಲ್ಲಿನ ಮೆಟ್ಟಿಲು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಹಾಕಿ, ದೊಡ್ಡವರು ನೀರಿಗೆ ದೂಡುತ್ತಿದ್ದರು. ಬುರುಡೆ ಸಿಗದಿದ್ದರೆ ಬಾಳೆದಿಂಡು, ಅದೂ ಇಲ್ಲದಿದ್ದರೆ ಖಾಲಿ ಎಣ್ಣೆ ಡಬ್ಬ. ಹದಿನೈದು ದಿನದಲ್ಲಿ ಬುರುಡೆ ಬಿಚ್ಚುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಬಾವಿಗಳು ಬತ್ತಿದವು. ಕೆಲವಕ್ಕೆ ಮಣ್ಣು ಮುಚ್ಚಿದರು, ಕೆಲವು ಕಸದ ಗುಂಡಿಯಾದವು. ಬಾವಿಯ ಜೊತೆಗೆ ಈಜಿನ ಶಾಲೆಯೂ ಮುಚ್ಚಿತು.

ಆದರೆ ಆಳದ ನೀರು ಕಡಿಮೆಯಾಗಲಿಲ್ಲ, ಜಾಗ ಬದಲಿಸಿತು ಅಷ್ಟೆ. ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿಗಳು ಮಳೆಗಾಲದಲ್ಲಿ ತುಂಬುತ್ತವೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ನೀರು ಇಂಗದಿರಲಿ ಅಂತ ಒಳಗೆ ಕಪ್ಪು ಪ್ಲಾಸ್ಟಿಕ್ ಹಾಳೆ. ಬೆಳೆಗೆ ಒಳ್ಳೆಯದೇ, ಬೇಡ ಅನ್ನುತ್ತಿಲ್ಲ. ಆದರೆ ಆ ಹಾಳೆ ಪಾಚಿ ಕಟ್ಟಿದ ಮೇಲೆ ಮನುಷ್ಯನ ಕಾಲು ನಿಲ್ಲಲ್ಲ. ಈಜು ಬಂದವನೂ ಅಂಚಿಗೆ ಬಂದು ಹತ್ತಲಾಗದೆ ಜಾರಿ ಜಾರಿ ಸುಸ್ತಾಗುತ್ತಾನೆ. ನೀರಿನ ಹತ್ತಿರ ಹೋಗುವ ಮಕ್ಕಳ ಸಂಖ್ಯೆ ಅಷ್ಟೇ ಇದೆ, ನೀರು ಗೊತ್ತಿರುವ ಮಕ್ಕಳು ಮಾತ್ರ ಇಲ್ಲ.

ಹೀಗಿರುವಾಗ ಹೋದ ಚಳಿಗಾಲದಲ್ಲಿ ನಾವು ಮುರುಡೇಶ್ವರಕ್ಕೆ ಸ್ಕೂಬಾ ಡೈವಿಂಗ್ ಕಲಿಯಲು ಹೋಗಿದ್ದೆವು ಅಂದರೆ ಊರಿನವರು ನಕ್ಕರು. ‘ರಾಗಿ ಕಣದ ಟೈಮಲ್ಲಿ ಸಮುದ್ರಕ್ಕೆ ಬೀಳಕ್ಕೆ ಹೊಂಟವ್ರೆ’ ಅಂತ ಒಬ್ಬರು ಟೀ ಅಂಗಡಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ತಲೆಗೆ ನಾಲ್ಕೂವರೆ ಸಾವಿರ ಖರ್ಚು. ಸ್ಟ್ರಿಂಗರ್ ಸಂಪಾದನೆ ಗೊತ್ತಿದ್ದವರು ನಗುವುದು ನ್ಯಾಯವೇ. ಅಪ್ಪು ‘ಗಂಧದ ಗುಡಿ’ಯಲ್ಲಿ ಸಮುದ್ರದೊಳಗೆ ಇಳಿದದ್ದನ್ನು ನೋಡಿದ ದಿನದಿಂದ ನಮ್ಮಲ್ಲೊಬ್ಬನಿಗೆ ಆಸೆ ಹತ್ತಿತ್ತು, ಅದೂ ಒಂದು ಕಾರಣ. ಉಳಿದಿಬ್ಬರಿಗೆ ಬೇರೆ ಕುತೂಹಲ: ನೀರಿಗೆ ಹೆದರುವ ದೊಡ್ಡವರಿಗೆ ಇವರು ಒಂದೇ ಬೆಳಗ್ಗೆಯಲ್ಲಿ ಹೇಗೆ ಕಲಿಸುತ್ತಾರೆ?

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪ ಇದೆ. ಭಟ್ಕಳ ತಾಲ್ಲೂಕು. ಮೇಲಿಂದ ನೋಡಿದರೆ ಹೃದಯದ ಆಕಾರ ಅಂತ ಹೇಳುತ್ತಾರೆ, ದೋಣಿಯಲ್ಲಿ ಕೂತವರಿಗೆ ಅದೇನೂ ಕಾಣಲ್ಲ, ಕಾಡು ಬೆಳೆದ ಒಂದು ಬಂಡೆ ಕಾಣುತ್ತದೆ. ಮಳೆಗಾಲದಲ್ಲಿ ಸಮುದ್ರ ಬಿಡಲ್ಲ. ಅಕ್ಟೋಬರ್‌ನಿಂದ ಮೇ ವರೆಗೆ ಡೈವಿಂಗ್. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿಯಾಗಿರುತ್ತದೆ ಅಂತ ಜನ ಹೆಚ್ಚು. ಬೆಳಗ್ಗೆ ದೋಣಿ ಹೊರಟರೆ ಒಂದೂವರೆ ಗಂಟೆ ಪ್ರಯಾಣ. ಹಿಂದೆ ತಿರುಗಿ ನೋಡಿದರೆ 123 ಅಡಿಯ ಶಿವ ಹೆಬ್ಬೆರಳಿನಷ್ಟಾಗುತ್ತಾ ಹೋಗುತ್ತಾನೆ.

ನಮ್ಮಲ್ಲೊಬ್ಬನಿಗೆ ನೆಗಡಿ. ಟ್ರೈನರ್ ಮೊದಲು ಕೇಳಿದ್ದೇ ಅದು: ‘ಮೂಗು ಕಟ್ಟಿದ್ಯಾ?’ ಹೌದು ಅಂದ ಕೂಡಲೇ, ‘ನೀವು ಇವತ್ತು ಇಳಿಯೋದು ಬೇಡ ಮಾರಾಯ್ರೆ’ ಅಂದುಬಿಟ್ಟರು. ದುಡ್ಡು ಕೊಟ್ಟಾಗಿದೆ, ರಾತ್ರಿಯೆಲ್ಲ ಬಸ್ಸಲ್ಲಿ ಬಂದಿದ್ದೇವೆ, ಏನು ಹೇಳಿದರೂ ಬಗ್ಗಲಿಲ್ಲ. ಕಾರಣವನ್ನೂ ಹೇಳಿದರು. ನೀರಿನ ಮೇಲೆ ನಮ್ಮ ಮೈಮೇಲಿರುವ ಗಾಳಿಯ ಒತ್ತಡ ಒಂದು ಪಾಲು ಅಂತ ಇಟ್ಟುಕೊಳ್ಳಿ. 10 ಮೀಟರ್ ಕೆಳಗೆ ಹೋದರೆ ಅದು ಎರಡು ಪಾಲು, 20 ಮೀಟರಿಗೆ ಮೂರು. ಕಿವಿಯ ತಮಟೆ ಒಳಗೆ ಒತ್ತಿಕೊಳ್ಳುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿದರೆ ಒಳಗಿನಿಂದ ಗಾಳಿ ಹೋಗಿ ಕಿವಿ ಸರಿಯಾಗುತ್ತದೆ. ನೆಗಡಿ ಇದ್ದರೆ ಆ ದಾರಿ ಕಟ್ಟಿರುತ್ತದೆ. ಬಲವಂತ ಮಾಡಿದರೆ ತಮಟೆ ಹರಿಯಬಹುದು. ಚಳಿಗಾಲದಲ್ಲಿ ಹೊಸಬರಿಗೆ ಕಲಿಸುವವರಿಗೆ ನೀರಿನ ಚಳಿಗಿಂತ ಈ ನೆಗಡಿಯೇ ದೊಡ್ಡ ತಲೆನೋವಂತೆ. ನಮ್ಮ ಗೆಳೆಯ ಟವೆಲ್ ಹೊದ್ದುಕೊಂಡು ದೋಣಿಯಲ್ಲೇ ಕೂತ. ವರದಿಗಾರನಾಗಿ ಹೆಚ್ಚು ಕಲಿತವನು ಅವನೇ ಅಂತ ಈಗ ಅನಿಸುತ್ತದೆ. ನಾವಿಬ್ಬರು ನೀರಲ್ಲಿ ಭಯಪಡುವುದರಲ್ಲಿ ಬಿಜಿ ಇದ್ದೆವು, ಅವನು ಕಲಿಸುವುದನ್ನು ನೋಡುತ್ತಾ ಕೂತಿದ್ದ.

ಬೆನ್ನ ಮೇಲಿನ ಸಿಲಿಂಡರನ್ನು ನಮ್ಮ ಕಡೆ ಎಲ್ಲರೂ ಆಕ್ಸಿಜನ್ ಸಿಲಿಂಡರ್ ಅನ್ನುತ್ತಾರೆ, ಪತ್ರಿಕೆಯಲ್ಲೂ ಹಾಗೇ ಬರೆಯುತ್ತಾರೆ. ಅದು ತಪ್ಪು. ಅದರಲ್ಲಿರುವುದು ನಾವು ದಿನಾ ಉಸಿರಾಡುವ ಸಾದಾ ಗಾಳಿ, ಒತ್ತಿ ತುಂಬಿದ್ದು. ಶುದ್ಧ ಆಕ್ಸಿಜನ್ ಕೊಟ್ಟರೆ ಆರೇಳು ಮೀಟರ್ ಆಳದಾಚೆ ಅದೇ ವಿಷವಾಗಿ ಫಿಟ್ಸ್ ಬರಿಸಬಹುದು. 11 ಲೀಟರಿನ ಸಿಲಿಂಡರಿಗೆ 200 ಪಟ್ಟು ಒತ್ತಡದಲ್ಲಿ ತುಂಬಿದರೆ ಸುಮಾರು 2,200 ಲೀಟರ್ ಗಾಳಿ ಹಿಡಿಯುತ್ತದೆ. ಆ ಒತ್ತಡದ ಗಾಳಿಯನ್ನು ನೇರ ಬಾಯಿಗೆ ಬಿಟ್ಟರೆ ಮನುಷ್ಯ ಉಳಿಯಲ್ಲ. ನಡುವೆ ಇರುವ ರೆಗ್ಯುಲೇಟರ್ ಅನ್ನುವ ಸಾಧನ ನಾವು ಎಳೆದಾಗ ಮಾತ್ರ, ನಾವಿರುವ ಆಳಕ್ಕೆ ತಕ್ಕ ಒತ್ತಡದಲ್ಲಿ ಗಾಳಿ ಬಿಡುತ್ತದೆ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೊ ಮತ್ತು ಎಮಿಲ್ ಗನ್ಯಾನ್ ಮಾಡಿದ್ದು ಈ ಸಾಧನವನ್ನೇ. ಅದಕ್ಕೂ ಮುಂಚೆ ಸಮುದ್ರದಡಿ ಕೆಲಸ ಮಾಡುವವರು ಹೆಚ್ಚಾಗಿ ಮೇಲಿನ ದೋಣಿಯಿಂದ ಬರುವ ಪೈಪಿನ ಗಾಳಿಯನ್ನೇ ನಂಬಬೇಕಿತ್ತು.

ಈಗ ಮುಖ್ಯ ವಿಷಯ. ಪಾಠದ ಮೊದಲ ನಿಯಮ: ಯಾವ ಕಾರಣಕ್ಕೂ ಉಸಿರು ಕಟ್ಟಬಾರದು.

ನಮಗೆ ಇದು ಅರಗಲೇ ಇಲ್ಲ. ನಮ್ಮೂರಲ್ಲಿ ಬಾವಿಗೆ ಬಿದ್ದ ಕೊಡ, ಕಳಚಿ ಬಿದ್ದ ಪೈಪು ತೆಗೆಯುವ ಒಬ್ಬರು ಅಜ್ಜ ಇದ್ದಾರೆ. ಪಾತಾಳಗರಡಿಗೆ ಸಿಗದ್ದನ್ನು ಅವರು ಮುಳುಗಿ ತರುತ್ತಿದ್ದರು. ಅವರ ವಿದ್ಯೆಯೆಲ್ಲ ಉಸಿರು ಕಟ್ಟುವುದರಲ್ಲೇ ಇತ್ತು. ಇಲ್ಲಿ ನೋಡಿದರೆ ಟ್ರೈನರ್ ಉಲ್ಟಾ ಹೇಳುತ್ತಿದ್ದಾರೆ. ಅರ್ಥ ಮಾಡಿಸಲು ಅವರು ಬಲೂನಿನ ಮಾತು ಎತ್ತಿದರು. ಮೇಲೆ ಊದಿದ ಬಲೂನನ್ನು 10 ಮೀಟರ್ ಕೆಳಗೆ ಒಯ್ದರೆ ಅರ್ಧ ಆಗುತ್ತದೆ. ಮತ್ತೆ ಮೇಲೆ ತಂದರೆ ಮೊದಲಿನಷ್ಟೇ. ಬಾವಿ ಅಜ್ಜನ ಶ್ವಾಸಕೋಶ ಅಂಥ ಬಲೂನು: ಮೇಲಿನ ಗಾಳಿ ತುಂಬಿಕೊಂಡು ಹೋಗಿ, ಅದೇ ಗಾಳಿ ಇಟ್ಟುಕೊಂಡು ಬರುತ್ತಾರೆ, ತೊಂದರೆ ಇಲ್ಲ. ಆದರೆ 10 ಮೀಟರ್ ಕೆಳಗೆ ಸಿಲಿಂಡರಿನಿಂದ ಎದೆತುಂಬ ಉಸಿರು ಎಳೆದು, ಕಟ್ಟಿಕೊಂಡು ಮೇಲೆ ಬಂದರೆ ಆ ಗಾಳಿ ಎರಡರಷ್ಟಾಗುತ್ತದೆ. ಎದೆ ಹಿಡಿಯಲ್ಲ, ಶ್ವಾಸಕೋಶ ಹರಿಯುತ್ತದೆ. ಭಯವಾದಾಗ ಉಸಿರು ಕಟ್ಟಿ ಮೇಲಕ್ಕೆ ಹಾರುವುದು ಮನುಷ್ಯನ ಸಹಜ ಬುದ್ಧಿ. ಆ ಬುದ್ಧಿಯನ್ನು ಒಂದು ಗಂಟೆಯಲ್ಲಿ ಬಿಡಿಸಬೇಕು. ಕಲಿಸುವವರ ಕಷ್ಟ ಇರುವುದು ಇಲ್ಲೇ.

ಊರಿಗೆ ಬಂದು ಅಜ್ಜನಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಅಂಗಾರೆ ನೀರೊಳ್ಗೇ ಹೊಸ ಉಸ್ರು ತಕ್ಕೊಂಡ್ರೆ ಲೆಕ್ಕ ಬೇರೆ ಆಯ್ತದೆ’ ಅಂದರು. ನಮಗೆ ಅರ್ಧ ದಿನ ಹಿಡಿದದ್ದು ಅವರಿಗೆ ಅರ್ಧ ನಿಮಿಷ ಹಿಡಿಯಿತು. ಕಿವಿಯ ವಿಷಯ ಕೇಳಿದೆವು. ‘ಟಪ್ ಅಂತದೆ. ಉಗುಳು ನುಂಗ್ಬೇಕು. ನೋವು ಬಂದ್ರೆ ಎರಡು ಮೊಳ ಮೇಲಕ್ಕೆ ಬರ್ಬೇಕು’ ಅಂದರು. ಟ್ರೈನರ್ ಹೇಳಿದ್ದೂ ಅಕ್ಷರಶಃ ಇದೇ. ಮೊಳದ ಬದಲು ಮೀಟರ್ ಅಂದಿದ್ದರು.

ಇಳಿಯುವ ಮುಂಚೆ ಕೈಸನ್ನೆ ಕಲಿಸಿದರು. ಹೆಬ್ಬೆರಳು ಮೇಲೆ ಮಾಡಿದರೆ ‘ಸೂಪರ್’ ಅಂತ ಅಲ್ಲ, ‘ಮೇಲೆ ಹೋಗೋಣ’ ಅಂತ. ಖುಷಿಯಲ್ಲಿ ಹೆಬ್ಬೆರಳು ತೋರಿಸಿ ಎರಡು ನಿಮಿಷಕ್ಕೇ ಮೇಲೆ ಬಂದವರು ಬಹಳ ಜನ ಇದ್ದಾರಂತೆ. ಸರಿ ಇದ್ದೇನೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ. ಚಳಿ ಆಗುತ್ತಿದೆ ಅನ್ನಲು ಎರಡೂ ಕೈ ಎದೆ ಮೇಲೆ ಅಡ್ಡ ಹಾಕಿ ತೋಳು ಉಜ್ಜುವುದು.

ಆ ಸನ್ನೆ ಬೇಕಾಗುತ್ತದೆ ಅಂತ ನಾವು ಅಂದುಕೊಂಡಿರಲಿಲ್ಲ. ನಮ್ಮ ಕಡಲು ಐಸ್ ಕಡಲಲ್ಲ, ಕೈಯಿಟ್ಟರೆ ಬೆಚ್ಚಗೇ ಇತ್ತು. ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆಯುತ್ತದೆ. ಅರ್ಧ ಗಂಟೆಯಲ್ಲಿ ಹಲ್ಲು ಕಟಕಟ ಅಂದವು. ಮೈಗಂಟಿದ ರಬ್ಬರ್ ಬಟ್ಟೆ, ವೆಟ್‌ಸೂಟ್ ಅನ್ನುತ್ತಾರೆ, ನೀರನ್ನು ತಡೆಯಲ್ಲ. ಒಳಗೆ ಬಂದ ತೆಳ್ಳನೆಯ ನೀರನ್ನು ಹೊರಗೆ ಬಿಡಲ್ಲ, ನಮ್ಮ ಮೈಯೇ ಅದನ್ನು ಕಾಯಿಸಿಕೊಳ್ಳುತ್ತದೆ. ಸಡಿಲವಾದ ಸೂಟ್ ಹಾಕಿಕೊಂಡರೆ ಹಾಕದಿದ್ದ ಹಾಗೇ. ಚಳಿಯಾದವನು ಉಸಿರು ಬೇಗ ಬೇಗ ಎಳೆಯುತ್ತಾನೆ, ಗಾಳಿ ಬೇಗ ಖಾಲಿಯಾಗುತ್ತದೆ, ತಲೆ ಓಡಲ್ಲ, ಕೈ ಬಕಲ್ ಬಿಚ್ಚಲ್ಲ. ಹಾಗಾಗಿ ಚಳಿಗಾಲದಲ್ಲಿ ಹೊಸಬರ ಪಾಠ ಚಿಕ್ಕದು. ನಿಜವಾದ ಚಳಿ ಮಾತ್ರ ನೀರಿಂದ ಎದ್ದು ದೋಣಿಯಲ್ಲಿ ಒದ್ದೆ ಮೈಯಲ್ಲಿ ಗಾಳಿಗೆ ಕೂತಾಗಿನದು. ದೋಣಿಯಲ್ಲಿ ಕೊಟ್ಟ ಬಿಸಿ ಚಹಾಕ್ಕೆ ನಾವು ಇನ್ನೂ ಋಣಿ.

ಕೆಳಗೆ ಏನು ನೋಡಿದಿರಿ ಅಂತ ಎಲ್ಲರೂ ಕೇಳುತ್ತಾರೆ. ಬಣ್ಣದ ಮೀನು, ಹವಳ, ಬಂಡೆ ಸಂದಿಯಿಂದ ಇಣುಕುವ ಏನೋ ಒಂದು. ಚೆನ್ನಾಗಿತ್ತು. ಯೂಟ್ಯೂಬಲ್ಲಿ ಇದಕ್ಕಿಂತ ಚೆನ್ನಾಗಿ ಕಾಣುತ್ತದೆ. ನಮ್ಮ ಮನಸ್ಸಲ್ಲಿ ಉಳಿದದ್ದು ಕಲಿಸಿದ ಕ್ರಮ. ಯಾರನ್ನೂ ದೂಡಲಿಲ್ಲ. ಮೊದಲು ದೋಣಿ ಪಕ್ಕದ ಹಗ್ಗ ಹಿಡಿಸಿದರು, ಮುಖ ಮಾತ್ರ ನೀರಲ್ಲಿಟ್ಟು ಉಸಿರಾಡಿ ಅಂದರು. ಮುಖಕ್ಕೆ ನೀರು ತಾಗಿದ ಕೂಡಲೇ ಏದುಸಿರು ಬರುತ್ತದೆ, ಅದು ಇಳಿಯುವವರೆಗೂ ಕಾದರು. ಆಮೇಲೆ ಒಂದು ಮೀಟರ್. ಉಂಗುರ ತೋರಿಸಿದರೆ ಮಾತ್ರ ಮುಂದೆ. ಒಬ್ಬರಿಗೆ ಒಬ್ಬ ಟ್ರೈನರ್, ಕೈ ಬಿಡುವ ಮಾತೇ ಇಲ್ಲ. ಒಂದು ದಿನದ ಈ ಡೈವಿಗೆ ಈಜು ಬರಬೇಕಂತಲೂ ಇಲ್ಲ. ಸರ್ಟಿಫಿಕೇಟ್ ಕೋರ್ಸಿಗಾದರೆ 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು.

ಸಂಜೆ ಅದೇ ಮುರುಡೇಶ್ವರದ ಕಡಲತೀರದಲ್ಲಿ ಕೂತಿದ್ದಾಗ ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿದ್ದವು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡದ್ದು ಈ ನೀರಲ್ಲೇ. ಕೋಲಾರವೂ ನಮ್ಮ ಹಾಗೇ ಒಣ ಸೀಮೆ. ಕೆರೆ ತುಂಬಿದರೆ ಊರೇ ನೋಡಲು ಹೋಗುವಂಥ ಜಾಗದ ಮಕ್ಕಳು. ಚಳಿಗಾಲ ಅಂದರೆ ಶಾಲಾ ಪ್ರವಾಸದ ಕಾಲ, ಜೀವನದಲ್ಲಿ ಮೊದಲ ಸಲ ಸಮುದ್ರ ನೋಡುವ ಕಾಲ. ನಾವು ಮೂವರೂ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನೆಗಡಿಯವನೇ ಹೇಳಿದ: ‘ನಮ್ಮೂರ ಮಕ್ಕಳಿಗೆ ಬೇಸಿಗೆ ರಜದಲ್ಲಿ ಕಲಿಸಿದ್ರೆ ಲೇಟು. ಪ್ರವಾಸ ಇರೋದು ಡಿಸೆಂಬರಲ್ಲಿ, ಕ್ವಾರಿ ತುಂಬಿರೋದೂ ಆಗಲೇ.’

ಮಾತು ಸರಿಯಾಗಿತ್ತು. ಬೇಸಿಗೆಯಲ್ಲಿ ಉಳಿದಿರುವ ನಾಲ್ಕು ಬಾವಿಗಳಲ್ಲೂ ನೀರು ತಳ ಸೇರಿರುತ್ತದೆ. ಮಳೆ ಮುಗಿದ ಮೇಲೆ ಕೈಗೆಟಕುವ ಹಾಗೆ ಇರುತ್ತದೆ. ಅಡ್ಡಿ ಒಂದೇ, ಅಮ್ಮಂದಿರು. ‘ಈ ಥಂಡೀಲಿ ಮಕ್ಕಳನ್ನ ನೀರಿಗೆ ಇಳಿಸ್ತೀರಾ? ಜ್ವರ ಬಂದ್ರೆ ನೀವ್ ನೋಡ್ಕೊತೀರಾ?’ ಇದಕ್ಕೆ ಉತ್ತರ ಬಾವಿಯ ಹತ್ತಿರವೇ ಇತ್ತು. ಧನುರ್ಮಾಸದ ಬೆಳಗ್ಗೆ ನಮ್ಮ ಕಡೆ ಗಾಳಿ 15 ಡಿಗ್ರಿ ಆಸುಪಾಸು ಇರುತ್ತದೆ. ಆಗ ತೆರೆದ ಬಾವಿ ಇಣುಕಿದರೆ ಹಬೆ ಏಳುತ್ತಿರುತ್ತದೆ. ನೆಲದೊಳಗಿಂದ ಊರುವ ನೀರು ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಬಿಸಿಯಲ್ಲಿರುತ್ತದೆ, ಬೇಸಿಗೆಯಲ್ಲಿ ತಣ್ಣಗೆ, ಚಳಿಯಲ್ಲಿ ಬೆಚ್ಚಗೆ ಅನಿಸುತ್ತದೆ. ಒಬ್ಬ ತಾಯಿ ಕೈಯಿಟ್ಟು ನೋಡಿ, ‘ನಮ್ಮ ಹಂಡೆ ನೀರಿಗಿಂತ ವಾಸಿ ಬುಡು’ ಅಂದರು. ಕೃಷಿ ಹೊಂಡದ ನೀರು ಹಾಗಲ್ಲ, ಬಯಲಲ್ಲಿ ಬಿದ್ದಿರುತ್ತದೆ, ರಾತ್ರಿಯೆಲ್ಲ ತಣಿಯುತ್ತದೆ. ಕ್ವಾರಿಯಂತೂ ಗೋಡೆಯ ನೆರಳು, ಬಿಸಿಲು ತಾಗುವ ಹೊತ್ತೇ ಕಡಿಮೆ. ಚಳಿಯಲ್ಲಿ ಬೆನ್ನ ಮೇಲೆ ಒಂದು ಚೊಂಬು ತಣ್ಣೀರು ಸುರಿದಾಗ ‘ಹಾ’ ಅಂತ ಉಸಿರು ಒಳಗೆ ಎಳೆಯುತ್ತೀರಲ್ಲ, ತಣ್ಣನೆಯ ನೀರಿಗೆ ತಟ್ಟನೆ ಹಾರಿದಾಗಲೂ ಅದೇ ಆಗುತ್ತದೆ. ತಲೆ ನೀರೊಳಗಿದ್ದರೆ ಒಳಗೆ ಹೋಗುವುದು ಗಾಳಿಯಲ್ಲ. ಅದಕ್ಕೇ ಎಷ್ಟೇ ಈಜು ಬಂದರೂ ಮೆಲ್ಲಗೆ ಇಳಿಯಬೇಕು, ಹಾರಬಾರದು. ಇನ್ನೊಂದು ಮೋಸ: ತಿಳಿನೀರು ಆಳ ಕಡಿಮೆ ತೋರಿಸುತ್ತದೆ. ಹನ್ನೆರಡು ಅಡಿ ಇದ್ದರೆ ಒಂಬತ್ತು ಅಡಿಯಂತೆ ಕಾಣುತ್ತದೆ.

ಅಂತೂ ಕ್ರಿಸ್‌ಮಸ್ ರಜೆಯಲ್ಲಿ ಆರು ಮಕ್ಕಳು ಸಿಕ್ಕರು, ಅದರಲ್ಲಿ ಇಬ್ಬರು ಹುಡುಗಿಯರು. ಕಲಿಸಿದವರು ಅಜ್ಜ. ನಾವು ಹಗ್ಗ ಹಿಡಿದವರು. ಆದರೆ ಕ್ರಮ ಮಾತ್ರ ನೇತ್ರಾಣಿಯದು: ದೂಡುವುದಿಲ್ಲ, ಮೊದಲು ಮೆಟ್ಟಿಲ ಮೇಲೆ ಕೂತು ಮುಖ ಅದ್ದುವುದು, ಉಂಗುರ ತೋರಿಸಿದರೆ ಮುಂದಿನ ಮೆಟ್ಟಿಲು. ಅಜ್ಜನಿಗೆ ಮೊದಲು ಇದು ಹಿಡಿಸಲಿಲ್ಲ. ‘ನಮ್ಮನ್ನ ತಳ್ಳಿದ್ರು, ನಾವೇನ್ ಸತ್ತೋದ್ವಾ?’ ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ, ‘ಅವತ್ತು ತಳ್ಳಿಸ್ಕೊಂಡವ್ರಲ್ಲಿ ಇಬ್ರು ಆಮೇಲ್ ಯಾವತ್ತೂ ಬಾವಿ ತಾವು ಬರ್ಲಿಲ್ಲ’ ಅಂತ ಸೇರಿಸಿದರು. ಬೆನ್ನಿಗೆ ಸೋರೆಬುರುಡೆ ಬದಲು ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು. ಒಬ್ಬೊಬ್ಬರಿಗೆ ಹದಿನೈದು ನಿಮಿಷ, ಮೇಲೆ ಬಂದ ಕೂಡಲೇ ಟವೆಲ್, ಬಿಸಿ ಅವರೆಕಾಳು ಸಾರು.

ಬಾಂಗ್ಲಾದೇಶದಲ್ಲಿ ಹಳ್ಳಿ ಕೊಳಗಳಲ್ಲಿ ಬಿದಿರಿನ ಅಟ್ಟಣೆ ಕಟ್ಟಿ, ಅದರೊಳಗೆ ಮಕ್ಕಳಿಗೆ ಹೀಗೇ ಕಲಿಸುತ್ತಾರೆ. ಈಜುಕೊಳ ಬೇಕಿಲ್ಲ, ಟೈಲ್ಸ್ ಬೇಕಿಲ್ಲ. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ನಮ್ಮ ದೇಶದ ಪೊಲೀಸ್ ದಾಖಲೆಯಲ್ಲೇ ವರ್ಷಕ್ಕೆ 35 ಸಾವಿರಕ್ಕೂ ಮೇಲೆ. ನಮ್ಮ ಪಂಚಾಯಿತಿಗಳು ಕೆರೆ ಏರಿ ಮೇಲೆ ‘ಈಜಬಾರದು’ ಅಂತ ಬೋರ್ಡ್ ಹಾಕುತ್ತವೆ. ಬೋರ್ಡ್ ಓದಲು ಬರುವ ಮಕ್ಕಳಿಗೂ ಈಜಲು ಬರಲ್ಲ.

ಓದುವ ನಿಮಗೆ ಉಪಯೋಗಕ್ಕೆ ಬರುವ ಎರಡು ಮಾತು. ಮುಳುಗುತ್ತಿರುವವರು ಸಿನಿಮಾದ ಹಾಗೆ ಕೂಗಲ್ಲ, ಬಾಯಿ ನೀರಿನ ಮಟ್ಟದಲ್ಲಿರುತ್ತದೆ, ಸದ್ದೇ ಬರಲ್ಲ. ಮಕ್ಕಳು ನೀರಲ್ಲಿ ಸುಮ್ಮನಾದರೆ ಓಡಿ. ಈಜು ಬಂದರೂ ಹಾರಬೇಡಿ. ಮುಳುಗುವವನು ಕತ್ತು ಹಿಡಿಯುತ್ತಾನೆ. ಒಂದೇ ಮನೆಯ ಮೂವರು, ನಾಲ್ವರು ಅಂತ ನಾವು ಬರೆಯುವ ಸುದ್ದಿಗಳಲ್ಲಿ ಹೆಚ್ಚಿನವು ಹೀಗೇ ಆಗಿರುವುದು. ಹಗ್ಗ, ಸೀರೆ, ಪಂಚೆ, ಬಿದಿರು ಗಳ, ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಹೊಂಡ ಇರುವವರು ಗಂಟು ಹಾಕಿದ ಒಂದು ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಿ, ಒಂದು ಕ್ಯಾನು ಪಕ್ಕದಲ್ಲಿಡಿ, ಖರ್ಚು ಇನ್ನೂರು ರೂಪಾಯಿ ದಾಟಲ್ಲ. ಮೇಲೆ ತಂದವರನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು, ವಾಟ್ಸ್‌ಆ್ಯಪಿನಲ್ಲಿ ಓಡಾಡುವ ಹಾಗೆ ಉಪ್ಪಿನ ರಾಶಿಯಲ್ಲಿ ಹೂಳುವುದು, ಇವೆಲ್ಲ ಉಳಿಯಬಹುದಾದ ಜೀವದ ಟೈಮ್ ತಿನ್ನುತ್ತವೆ. ಉಸಿರಿಲ್ಲದಿದ್ದರೆ ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು, ಇನ್ನೊಬ್ಬರು 112ಕ್ಕೆ ಫೋನ್ ಮಾಡಬೇಕು.

ಆರು ಮಕ್ಕಳಲ್ಲಿ ನಾಲ್ವರು ಈಗ ಕ್ಯಾನು ಇಲ್ಲದೆ ಬಾವಿಯ ಈ ಕಡೆಯಿಂದ ಆ ಕಡೆಗೆ ಹೋಗುತ್ತಾರೆ. ಒಬ್ಬ ಹುಡುಗ ಮೂರನೇ ಮೆಟ್ಟಿಲಲ್ಲೇ ಇದ್ದಾನೆ, ದಿನಾ ಉಂಗುರ ತೋರಿಸುತ್ತಾನೆ, ಇಳಿಯಲ್ಲ. ಇನ್ನೊಬ್ಬಳಿಗೆ ನೆಗಡಿ ಬಂತು, ಅಮ್ಮ ಕಳಿಸುತ್ತಿಲ್ಲ. ಈ ಭಾನುವಾರದಿಂದ ಇನ್ನೂ ಐದು ಮಕ್ಕಳು ಬರುತ್ತಾರೆ. ಬಾವಿ ಯಜಮಾನರು ಎರಡು ಕಂಡೀಷನ್ ಹಾಕಿದ್ದಾರೆ: ಮಕ್ಕಳು ನೀರಲ್ಲಿರುವಷ್ಟು ಹೊತ್ತು ಮೋಟರಿನ ಫ್ಯೂಸ್ ಕಿತ್ತು ನಮ್ಮ ಜೇಬಲ್ಲಿರಬೇಕು, ಆಮೇಲೆ ಎಂಟು ಗಂಟೆಗೆ ಕರೆಕ್ಟಾಗಿ ಹಾಕಿಕೊಡಬೇಕು, ಅವರ ಹಿಪ್ಪುನೇರಳೆಗೆ ನೀರು ಬಿಡುವ ಸರದಿ ಅದು.